ಬಾನೆಟ್ಟಿಗೆ ತಂತಿ ಕಟ್ಟಬ್ಯಾಡ್ರೆವಾ

ಹೋದ ವಾರ ನಮ್ಮ ನಾದಿನಿ ಮಗಳ ಕುಬಸ ಇತ್ತು. ಊಟಕ್ಕ ಕುಂತಾಗ ನಮ್ಮ ನೆಗೆಣ್ಣಿ ಎಲ್ಲಾರ ಮುಂದ ಫೋನ್ ತಗದು ನನ್ನ ಫೋಟೊ ತೋರಿಸಿದ್ಲು. ನಮ್ಮ ಹಳೇ ಮಾರುತಿ 800ರ ಬಾನೆಟ್ ಎತ್ತಿ, ಸೆರಗು ಸೊಂಟಕ್ಕ ಸಿಗಿಸಿ, ಕೈಯಾಗ ಪಾನಾ ಹಿಡಕೊಂಡು ನಾನು ಬಗ್ಗಿ ನಿಂತದ್ದು. ನನ್ನ ಮಗಾನ ತಗದು ಮನಿ ಗ್ರೂಪಿಗೆ ಹಾಕಿದ್ದ. ಎಲ್ಲಾರೂ ನಕ್ರು, ನಾನೂ ನಕ್ಕೆ. ಆಮ್ಯಾಲ ಒಬ್ಬಾಕಿ, "ಅಕ್ಕಾರ, ಮನ್ಯಾಗ ಗಂಡಸ್ರು ಇಲ್ಲೇನ್ರಿ?" ಅಂದ್ಲು. ಬಾಜೂಕ ಕುಂತಿದ್ದ ಕಾಕು, "ಆ ಡಬ್ಬಿ ಗಾಡಿ ಇನ್ನೂ ಇಟ್ಕೊಂಡೀರೇನವಾ? ಗುಜರಿಗೆ ಹಾಕಿ ಹೊಸಾದು ತಗೋಬಾರ್ದ?" ಅಂದ್ರು. ಬಾಯಾಗ ಹೋಳಿಗಿ ಇತ್ತು, ಸುಮ್ನ ಕುಂತೆ. ಮನಿಗೆ ಬಂದ ಮ್ಯಾಲ ಸುಮ್ನ ಕೂಡಾಕ ಆಗ್ಲಿಲ್ಲ. ಅದಕ್ಕ ಬರಿಯಾಕತ್ತೀನಿ. ಸಿಟ್ಟಿಗೆ ಬಂದ ಬರಿಯಾಕತ್ತೀನಿ ಅಂತನ ತಿಳ್ಕೊಳ್ರಿ.

ನಾ ಹೇಳೂದು ಇಷ್ಟ. ಬಾನೆಟ್ಟಿನ ಸಣ್ಣ ಸಾಮಾನು ಅಂದ್ರ ಮೂಲಿ ರಬ್ಬರ್, ಲಾಕು, ಅದರ ಸ್ಪ್ರಿಂಗು, ಕೇಬಲ್ಲು, ರಾಡ್ ಹಿಡಿಯೂ ಕ್ಲಿಪ್ಪು, ಇವು ಸವದಾಗ ತಂತಿ ಕಟ್ಟಿ ದಿನಾ ದೂಡಬಾರ್ದು. ಇಡೀ ಮುಂಭಾಗಾನ ಬದಲಿ ಮಾಡ್ಬೇಕು ಅಂತ ಯಾರರೆ ಹೆದರಿಸಿದ್ರ ಹೆದರಲೂಬಾರ್ದು. ಸವದದ್ದು ಯಾವುದೋ ಅದನ್ನಷ್ಟ ಬದಲಿ ಮಾಡ್ಬೇಕು. ಅದನ್ನ ಮನ್ಯಾಗ ಮಾಡಬಹುದು. ಹೆಂಗಸ್ರು ಮಾಡಬಹುದು.

ಮೊದಲ ಗಾಡಿ ಬಗ್ಗೆ ಎರಡು ಮಾತು. ಮಾರುತಿ 800 ಮೊದಲ ಗಿರಾಕಿ ಕೈಗೆ ಬಂದದ್ದು 1983ರ ಡಿಸೆಂಬರ್ 14ಕ್ಕ. ದಿಲ್ಲಿಯ ಹರಪಾಲ್ ಸಿಂಗ್ ಅನ್ನೂವ್ರಿಗೆ ಇಂದಿರಾ ಗಾಂಧಿಯವರು ಕೈಯಾರೆ ಕೀಲಿ ಕೊಟ್ಟಿದ್ರು. 2014ರ ಜನವರಿಯಾಗ ಕಂಪನಿ ಅದನ್ನ ಮಾಡೂದು ನಿಲ್ಲಿಸ್ತು. ನಮ್ಮದು 1994ರದು, ಮಾವನವರು ಕೊಂಡದ್ದು. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರಿನ ಗಾಡಿ. ಕಾನೂನಿನ ಲೆಕ್ಕದಾಗ 'ವಿಂಟೇಜ್' ಅನಿಸ್ಕೋಬೇಕಂದ್ರ ನೋಂದಣಿ ಆಗಿ 50 ವರ್ಷ ದಾಟಬೇಕು, 2021ರಾಗ ಹಂಗ ನಿಯಮ ಮಾಡ್ಯಾರ. ನಮ್ಮ ಗಾಡಿಗೆ ಆ ಮರ್ಯಾದಿ ಬರೂದು 2044ಕ್ಕ. ಅಲ್ಲಿ ಮಟಾ 15 ವರ್ಷ ಆದ ಗಾಡಿ ಅಂತ ಪ್ರತಿ 5 ವರ್ಷಕ್ಕ ಆರ್.ಟಿ.ಓ. ಆಫೀಸಿಗೆ ಒಯ್ದು ತೋರಿಸಿ ನೋಂದಣಿ ಮುಂದುವರಿಸ್ಕೋಬೇಕು. ನಾವು ತಪ್ಪದ ಮಾಡೀವಿ. ಕಾಗದಾ ಎಲ್ಲಾ ಸರಿ ಇದ್ವು. ಬಾನೆಟ್ ಸರಿ ಇದ್ದಿದ್ದಿಲ್ಲ.

ಈಗ ನಡದದ್ದು ಹೇಳ್ತೀನಿ, ಭಾಳ ಮಂದಿಗೆ ಹೇಳಿಲ್ಲ.

ಎರಡು ವರ್ಷದ ಹಿಂದ ನಾನೂ ನಮ್ಮ ಮನಿಯವರೂ ಧಾರವಾಡದಿಂದ ಬೆಳಗಾವಿಗೆ ಹೊಂಟಿದ್ವಿ. ಅದಕ್ಕ ಒಂದು ತಿಂಗಳ ಮೊದಲ ಬಾನೆಟ್ ಸರಿ ಕೂಡವಲ್ದಾಗಿತ್ತು. ಹಾಕಿದ್ರ 'ಕಟ್' ಅಂತ ಹಿಡಿಯೂ ಸಪ್ಪಳಾನ ಬರ್ತಿದ್ದಿಲ್ಲ. ರಸ್ತೆಮ್ಯಾಲ ಕಟಕಟ ಅಂತಿತ್ತು. ಒಂದು ಗ್ಯಾರೇಜಿಗೆ ಒಯ್ದ್ರ ಅಲ್ಲಿ, "ಮುಂದಿಂದ ಪೂರಾ ಬದಲಿ ಮಾಡ್ಬೇಕ್ರಿ, 9 ಸಾವಿರ ಆಗ್ತೈತಿ, ಇಷ್ಟು ಹಳೇ ಗಾಡಿಗೆ ಅಷ್ಟು ಯಾಕ ಹಾಕ್ತೀರಿ, ಕೊಟ್ಟ ಬಿಡ್ರಿ" ಅಂದ್ರಂತ. ಮನಿಗೆ ಬಂದು ಇವರು, "ಏ, ತಂತಿ ಐತೇನ?" ಅಂದ್ರು. ಹಿತ್ತಲದಾಗ ಮಲ್ಲಿಗಿ ಬಳ್ಳಿ ಕಟ್ಟಾಕ ತಂದ ತಂತಿ ಇತ್ತು. ನಾನ ತಂದು ಕೊಟ್ಟೆ. ಎರಡು ಸುತ್ತು ಸುತ್ತಿ ಕಟ್ಟಿದ್ರು. "ಛಲೋ ಆತು, 9 ಸಾವಿರ ಉಳೀತು" ಅಂತ ನಾನೂ ಅಂದೆ. ಅದಕ್ಕ ಈ ಲೇಖನದಾಗ ಬಯ್ಯೂದು ಯಾರಿಗರೆ ಇದ್ರ, ಮೊದಲ ನನಗ.

ತೇಗೂರು ದಾಟಿತ್ತು, ಕಿತ್ತೂರು ಇನ್ನೂ ಬರಬೇಕಿತ್ತು. 70ರ ಸ್ಪೀಡ್ ಇರಬೇಕು. ಬಾಜೂಕ ಒಂದು ಲಾರಿ ಭರ್ರಂತ ಹೋತು. ಆ ಗಾಳಿಗೆ ತಂತಿ ಹರಕೊಂಡು ಇಡೀ ಬಾನೆಟ್ ಎದ್ದು ಕಾಜಿಗೆ ಬಡೀತು. ಕಣ್ಣಮುಂದ ರಸ್ತೆ ಇಲ್ಲ, ಬರೇ ಬಿಳೀ ತಗಡು. ನಾನು ಚೀರಿದೆ. ಇವರು ತಲಿ ಕೆಳಗ ಮಾಡಿ, ಬಾನೆಟ್ಟಿಗೂ ಗಾಡಿಗೂ ನಡುವ ಕೆಳಗ ನಾಲ್ಕು ಬೆರಳಿನಷ್ಟು ಸಂದಿ ಉಳಿದಿತ್ತು, ಅದರಾಗ ನೋಡಿಕೋತ, ಬ್ರೇಕ್ ಒಮ್ಮೆಲೆ ತುಳೀದ ನಿಧಾನಕ ಎಡಕ್ಕ ತಂದು ನಿಲ್ಲಿಸಿದ್ರು. ಹಿಂದ ಬಸ್ ಇತ್ತು. ಆ ಬಸ್ಸಿನ ಡ್ರೈವರ್ ಹುಷಾರ್ ಇದ್ದ, ಅದಕ್ಕ ನಾ ಇವತ್ತು ಬರಿಯಾಕತ್ತೀನಿ. ಕಾಜು ಸೀಳಿತ್ತು, ಬಾನೆಟ್ ಮಡಚಿತ್ತು, ಬಿಜಾಗ್ರಿ ಎರಡೂ ಬಾಗಿದ್ವು. ಇಬ್ರೂ ಇಳದು ಒಂದು ಗಿಡದ ಬುಡಕ ಕುಂತ್ವಿ. ಒಂದು ಮಾತ ಆಡ್ಲಿಲ್ಲ.

ಬಾನೆಟ್ಟು, ಕಾಜು, ಬಿಜಾಗ್ರಿ, ಬಣ್ಣ ಎಲ್ಲಾ ಸೇರಿ 14 ಸಾವಿರ ಆತು. ಸಿಟ್ಟು ಬರೂ ಮಾತು ಮುಂದೈತಿ. ತಿಂಗಳ ಆಗೂದ್ರೊಳಗ ಮತ್ತ ಕಟಕಟ. ಹೊಸಾ ಬಾನೆಟ್ ಎತ್ತಿ ನೋಡಿದ್ರ ಒಳಗ ಹಳೇ ಲಾಕಾನ ಕುಂತಿತ್ತು! ಬಾಗಿದ್ದನ್ನ ಬಡದು ನೆಟ್ಟಗ ಮಾಡಿ, ಮ್ಯಾಲ ಇಷ್ಟು ಗ್ರೀಸ್ ಬಳದು ಕಳಿಸಿದ್ರು. ಮೂಲಿ ರಬ್ಬರ್ ಒಂದೂ ಇಲ್ಲ. ದೊಡ್ಡದು ಬದಲಿ ಆತು, ದೊಡ್ಡ ಬಿಲ್ ಆತು, ಎಲ್ಲಾ ಅನಾಹುತಕ್ಕ ಕಾರಣ ಆದ ಸಣ್ಣದು ಹಂಗ ಉಳೀತು. ಅವತ್ತ ನಾನು ಇನ್ನು ಇದನ್ನ ನನ್ನ ಕೈಲೇ ನೋಡ್ಕೋತೀನಿ ಅಂತ ತೀರ್ಮಾನ ಮಾಡಿದೆ.

ಈಗ ನಮ್ಮ ಅಡಗಿ ಮನಿಗೆ ಬರ್ರಿ. ಕುಕ್ಕರಿನ ಗ್ಯಾಸ್ಕೆಟ್ ಸಡಲಾದ್ರ ಏನ್ ಮಾಡ್ತೀರಿ? ಕುಕ್ಕರಿಗೆ ದಾರ ಕಟ್ಟಿ ಸೀಟಿ ಹೊಡಸ್ತೀರೇನು? ಇಲ್ಲಾ, ಇಡೀ ಕುಕ್ಕರ್ ಗುಜರಿಗೆ ಹಾಕ್ತೀರೇನು? ಹಳೇ ಗ್ಯಾಸ್ಕೆಟ್ ಚೀಲದಾಗ ಹಾಕ್ಕೊಂಡು ಅಂಗಡಿಗೆ ಹೋಗಿ, ಅಳತಿ ಹಚ್ಚಿ ನೋಡಿ, ಹೊಸಾದು ತಂದು, ನೀವ ಹಾಕ್ತೀರಿ. ಸೇಫ್ಟಿ ವಾಲ್ವ್ ಹೋದ್ರ ಅದನ್ನೂ ನೀವ ತಿರುವಿ ಹಾಕ್ತೀರಿ. ಆವಾಗ ಯಾರೂ "ಮನ್ಯಾಗ ಗಂಡಸ್ರು ಇಲ್ಲೇನ್ರಿ" ಅಂತ ಕೇಳೂದಿಲ್ಲ. ಒಲಿಮ್ಯಾಲಿನ ಕುಕ್ಕರ್ ಸಿಡಿದ್ರ ಜೀವಕ್ಕ ಕುತ್ತು ಐತಿ ಅಂತ ಗೊತ್ತಿದ್ದೂ ಅದನ್ನ ನಮ್ಮ ಕೈಗೆ ಬಿಟ್ಟಾರ. ಹತ್ತು ನಂಬರ್ ಪಾನಾದ ನಾಲ್ಕು ಬೋಲ್ಟ್ ಮಾತ್ರ ನಮ್ಮ ಕೈಗೆ ಬರಬಾರ್ದು ಅಂದ್ರ ಹೆಂಗ?

ಈ ಸಣ್ಣ ಸಾಮಾನು ಏನ್ ಕೆಲಸ ಮಾಡ್ತಾವ ಅಂತ ತಿಳದ್ರ ಹೆದರಿಕಿ ಅರ್ಧಾ ಹೋಗ್ತೈತಿ.

ಬಾನೆಟ್ಟಿನ ಮುಂದಿನ ಎರಡೂ ಮೂಲ್ಯಾಗ ರಬ್ಬರ್ ಗುಬ್ಬಿ ಇರ್ತಾವು. ಅವು ಚಂದಕ್ಕ ಇಟ್ಟದ್ದಲ್ಲ. ಬಾನೆಟ್ಟನ್ನ ಕೆಳಗಿಂದ ಮ್ಯಾಲಕ್ಕ ಒತ್ತಿ ಹಿಡಿತಾವು, ನಡುವಿನ ಲಾಕು ಕೆಳಗ ಜಗ್ಗಿ ಹಿಡಿತೈತಿ. ಈ ಎರಡರ ಜಗ್ಗಾಟದಾಗ ತಗಡು ಅಲಗಾಡದ ಕೂಡ್ತೈತಿ. ರಬ್ಬರ್ ಬಿಸಲಿಗೆ, ಎಂಜಿನ್ ಕಾವಿಗೆ ಒಣಗಿ ಪುಡಿ ಆತಂದ್ರ ಬಾನೆಟ್ ಕುಣ್ಯಾಕ ಶುರು ಮಾಡ್ತೈತಿ. ಕುಣದು ಕುಣದು ಲಾಕಿನ ಹಲ್ಲು ಸವಿತೈತಿ. ಅಂದ್ರ ಲಾಕ್ ಕೆಡೂದಕ್ಕ ಮೂಲ ಆ ರಬ್ಬರ್. ನಾನು ಎರಡು ರಬ್ಬರಿಗೆ ಕೊಟ್ಟದ್ದು 60 ರೂಪಾಯಿ.

ಲಾಕಿನಾಗ ಎರಡು ಹಿಡಿತ ಇರ್ತಾವು. ಒಂದು ಮುಖ್ಯ ಲಾಕು, ಬಾನೆಟ್ಟಿನ ಕೆಳಗಿನ ಕೊಂಡಿ ಹಿಡಿಯೂದು. ಡ್ರೈವರ್ ಸೀಟಿನ ಮುಂದ ಕೆಳಗಿರೂ ಹಿಡಿಕಿ ಜಗ್ಗಿದ್ರ ಕೇಬಲ್ ಮುಖಾಂತರ ಅದು ಬಿಡ್ತೈತಿ. ಇನ್ನೊಂದು ಕಾವಲಿನ ಕೊಕ್ಕಿ. ಮುಖ್ಯ ಲಾಕು ಕೈ ಕೊಟ್ರೂ ಬಾನೆಟ್ ಪೂರ್ತಿ ಹಾರದಂಗ ಹಿಡಿಯೂದು ಅದ. ನಾವು ಮುಂದ ಬಂದು ಸಂದ್ಯಾಗ ಬೆರಳ ಹಾಕಿ ಸರಿಸ್ತೀವಲ್ಲ, ಅದ ಕೊಕ್ಕಿ. ನಮ್ಮ ಗಾಡ್ಯಾಗ ಆ ಕೊಕ್ಕಿ ತುಕ್ಕು ಹಿಡದು ತಗದ ನಿಂತಿತ್ತು. ಎಷ್ಟು ವರ್ಷದಿಂದ ಹಂಗಿತ್ತೋ ಏನೋ. ನಾವು ಪ್ರತಿ ಮಹಾನವಮಿಗೆ ಆ ಬಾನೆಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ಚೆಂಡಹೂವಿನ ಮಾಲಿ ಹಾಕಿ, ಕುಂಬಳಕಾಯಿ ಒಡದೀವಿ. ಎತ್ತಿ ಒಳಗ ಕೊಕ್ಕಿ ಐತೋ ಇಲ್ಲೋ ಅಂತ ಒಮ್ಮೆರೆ ನೋಡಿಲ್ಲ.

ತಂತಿ ಕಟ್ಟೂದರಾಗ ಇನ್ನೊಂದು ಅಪಾಯ ಐತಿ. ಅದನ್ನ ಯಾರೂ ಯೋಚನಿ ಮಾಡೂದಿಲ್ಲ. ಬ್ಯಾಟರಿ ಇರೂದು ಬಾನೆಟ್ ಒಳಗ. ಪೆಟ್ರೋಲ್ ಪೈಪ್ ಕಾರ್ಬುರೇಟರಿಗೆ ಹೋಗೂದೂ ಅಲ್ಲೇ. ಹಳೇ ಪೈಪ್ ಸೀಳಿ, ಇಲ್ಲಾ ವೈರ್ ಸುಟ್ಟು ಹೊಗಿ ಬಂತಂದ್ರ ಲಗೂನ ಬಾನೆಟ್ ತಗದು ಬ್ಯಾಟರಿ ವೈರ್ ಬಿಚ್ಚಬೇಕು. ಆವಾಗ ಇಕ್ಕಳ ಹುಡುಕಿ ತಂತಿ ಕಡೀತೀರೇನು? ತನ್ನಷ್ಟಕ್ಕ ತಾನ ತಗಿಯೂ ಬಾನೆಟ್ ಎಷ್ಟು ಕೆಟ್ಟದ್ದೋ, ಬೇಕಾದಾಗ ತಗೀಲಾರದ ಬಾನೆಟ್ಟೂ ಅಷ್ಟ ಕೆಟ್ಟದ್ದು.

ಸರಿ, ನಾ ಹೆಂಗ ಮಾಡಿದೆ ಹೇಳ್ತೀನಿ. ಬೇಕಾದದ್ದು: ಹತ್ತು-ಹನ್ನೊಂದರ ಪಾನಾ, ಸ್ಕ್ರೂ ಡ್ರೈವರ್, ಇಕ್ಕಳ, ಹಳೇ ಹಲ್ಲು ತಿಕ್ಕೂ ಬ್ರಶ್, ಸ್ವಲ್ಪ ಡೀಸೆಲ್ (ಚಿಮಣಿ ಎಣ್ಣಿ ಈಗ ಎಲ್ಲಿ ಸಿಗ್ತೈತಿ), ಗ್ರೀಸು, ಎರಡು ಹಳೇ ಚಾದರ, ಒಂದು ಗಟ್ಟಿ ಕಟಗಿ.

ಮುಂಜಾನೆ, ಎಂಜಿನ್ ತಣ್ಣಗಿದ್ದಾಗ ಶುರು ಮಾಡ್ರಿ. ಕೀಲಿ ತಗದು ಒಳಗ ಮೊಳಿಗೆ ಹಾಕ್ರಿ, ಯಾಕಂದ್ರ ರೇಡಿಯೇಟರ್ ಫ್ಯಾನ್ ಕರೆಂಟಿನ ಮ್ಯಾಲ ತಿರಗೂದು, ಕೀಲಿ ಹಾಕಿದ್ದಿದ್ರ ತಾನಾಗೇ ಶುರು ಆಗಬಹುದು. ಬಾನೆಟ್ ಎತ್ತಿ ರಾಡ್ ಹಚ್ಚಿ, ಅದರ ಜೋಡಿ ಆ ಕಟಗೀನೂ ಆಸರಾ ಕೊಡ್ರಿ. ರಾಡ್ ಹಿಡಿಯೂ ಕ್ಲಿಪ್ ಹಳೀದಾಗಿದ್ರ ತಲಿಮ್ಯಾಲ ಬೀಳ್ತೈತಿ. ನಾನು ಒನಕಿ ಇಟ್ಟಿದ್ದೆ, ಅತ್ತಿಯವರ ಕಾಲದ್ದು. ಎಂಜಿನ್ ಮ್ಯಾಲ ಒಂದು ಚಾದರ ಹಾಸ್ರಿ. ಕೈಯಾಗಿಂದ ಬೋಲ್ಟ್ ಜಾರಿದ್ರ ಒಳಗ ಎಲ್ಲೋ ಹೋಗಿ ಕೂಡೂದಿಲ್ಲ.

ಹಳೇ ಲಾಕ್ ಬಿಚ್ಚೂ ಮೊದಲ ಅದರ ಸುತ್ತ ಪೆನ್ಸಿಲಿನಿಂದ ಗೀಟ ಎಳೀರಿ. ನಾನು ಮಗಳ ಉಗುರಿನ ಬಣ್ಣ ಹಚ್ಚಿದೆ, ಅದು ಅಳಿಸೂದಿಲ್ಲ. ಲಾಕಿನ ಬೋಲ್ಟಿನ ತೂತು ಸ್ವಲ್ಪ ಉದ್ದಕ್ಕಿರ್ತಾವು, ಆಕಡೆ ಈಕಡೆ ಸರಿಸಾಕ. ಗುರ್ತು ಇಲ್ಲದ ಬಿಚ್ಚಿದ್ರಿ ಅಂದ್ರ ಮತ್ತ ಅದ ಜಾಗಾ ಸಿಗೂದು ಕಷ್ಟ. ಬೋಲ್ಟ್ ಬರಲಿಲ್ಲಂದ್ರ ಜೋರ್ ಮಾಡಿ ತಲಿ ಮುರೀಬ್ಯಾಡ್ರಿ, ತುಕ್ಕು ಬಿಡಿಸೂ ಎಣ್ಣಿ ಬಿಟ್ಟು, ಒಂದು ಕಪ್ ಚಹಾ ಕುಡದು ಬರ್ರಿ. ಕೇಬಲ್ಲಿನ ತುದಿ ಬಿಡಿಸೂವಾಗ ಎಳಿ ಹರದೈತೇನ ನೋಡ್ರಿ. ಎರಡು ಎಳಿ ಹರದಿದ್ರೂ ಕೇಬಲ್ಲನ್ನೂ ಬದಲಿ ಮಾಡ್ರಿ. ನಡುರಸ್ತ್ಯಾಗ ಹರಿಯೂದು ಉಳದ ಎಳೀನ.

ಹಳೇ ಲಾಕ್ ತಗೊಂಡ ಅಂಗಡಿಗೆ ಹೋಗ್ರಿ. ಬರೇ 'ಎಂಟ್ನೂರರ ಲಾಕ್ ಕೊಡ್ರಿ' ಅನ್ನಬ್ಯಾಡ್ರಿ. ಈ ಗಾಡಿ ಮೂತಿ ನಡುವ ಬದಲಾಗೈತಿ, ಎಲ್ಲಾ ವರ್ಷದ್ದು ಒಂದ ನಮೂನಿ ಇಲ್ಲ. ಕೌಂಟರಿನ ಮ್ಯಾಲ ಎರಡೂ ಬಾಜೂ ಬಾಜೂ ಇಟ್ಟು ತೂತಿಗೆ ತೂತು ಹೊಂದಿಸಿ ನೋಡ್ರಿ. ಸ್ಪ್ರಿಂಗ್ ಬೆರಳಲೇ ಒತ್ತಿ ನೋಡ್ರಿ, ಟಪ್ ಅಂತ ವಾಪಸ್ ಬರಬೇಕು. ಅಂಗಡ್ಯಾಂವ, "ಅಕ್ಕಾರ, ಮೇಸ್ತ್ರಿ ಕಳಸ್ರಿ" ಅಂದ. "ಮೇಸ್ತ್ರಿ ನಾನ" ಅಂದೆ. ಲಾಕಿಗೆ 450 ರೂಪಾಯಿ, ರಾಡಿನ ಕ್ಲಿಪ್ಪಿಗೆ 20.

ಹೊಸಾ ಲಾಕ್ ಗುರ್ತಿಗೆ ಸರಿಯಾಗಿ ಕೂಡಿಸಿ, ಬೋಲ್ಟ್ ಕೈಲೇ ತಿರುವಿ, ಆಮ್ಯಾಲ ಪಾನಾ ಹಚ್ಚಿ. ಈಗ ಬಾನೆಟ್ ಹಾಕಬ್ಯಾಡ್ರಿ! ಇದನ್ನ ದೊಡ್ಡ ಅಕ್ಷರದಾಗ ಬರ್ಕೊಳ್ರಿ. ಬಾನೆಟ್ ಮ್ಯಾಲ ಇದ್ದಾಗ ಸ್ಕ್ರೂ ಡ್ರೈವರಿನಿಂದ ಲಾಕಿನ ಬಾಯಿ ಒತ್ತಿ ಮುಚ್ಚಿಸ್ರಿ, ಬಾನೆಟ್ಟಿನ ಕೊಂಡಿ ಬಂದು ಕುಂತಂಗ. ಆಮ್ಯಾಲ ಒಬ್ರು ಒಳಗಿಂದ ಹಿಡಿಕಿ ಜಗ್ಗಬೇಕು. ಟಕ್ ಅಂತ ಬಾಯಿ ತಗದ್ರ ಎಲ್ಲಾ ಸರಿ. ತಗೀಲಿಲ್ಲಂದ್ರ ಕೇಬಲ್ ಸರಿ ಕುಂತಿಲ್ಲ. ಇದನ್ನ ನೋಡದ ಬಾನೆಟ್ ಹಾಕಿದ್ರಿ ಅಂದ್ರ ಅದು ಒಳಗಿಂದ ಚಿಲಕ ಬಿದ್ದ ಕ್ವಾಣಿ ಆಗ್ತೈತಿ.

ರಬ್ಬರಿನ ಎತ್ತರಕ್ಕ ನಂದ ಒಂದು ಉಪಾಯ ಐತಿ. ಸ್ವಲ್ಪ ಕಣಕ ಉಂಡಿ ಮಾಡಿ, ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿ, ಎರಡೂ ರಬ್ಬರಿನ ಮ್ಯಾಲ ಇಟ್ಟು ಬಾನೆಟ್ ನಿಧಾನಕ ಇಳಿಸಿ, ಮತ್ತ ಎತ್ತಿ ನೋಡ್ರಿ. ಕಣಕ ಪೂರಾ ಚಪ್ಪಟಿ ಆಗಿ ಹಾಳಿಯಷ್ಟ ಉಳದಿದ್ರ ರಬ್ಬರ್ ಸರಿ ತಾಗಾಕತ್ತೈತಿ. ದಪ್ಪ ಉಳದಿದ್ರ ರಬ್ಬರ್ ತಿರುವಿ ಮ್ಯಾಲ ತರ್ರಿ. ಎರಡೂ ಕಡೆ ಒಂದ ಸಮ ಇರಬೇಕು. ಭಾಳ ಎತ್ತರ ಮಾಡಿದ್ರ ಲಾಕ್ ಹಿಡಿಯೂದಿಲ್ಲ, ಅದೂ ಅಪಾಯನ.

ಕಡೀಕ ಪರೀಕ್ಷಾ. ಬಾನೆಟ್ಟನ್ನ ಒಂದು ಫೂಟಿನಷ್ಟು ಎತ್ತರದಿಂದ ಬಿಡ್ರಿ. ಅಂಗೈಲೇ ನಡುವ ಒತ್ತಬ್ಯಾಡ್ರಿ, ತಗಡು ತೆಳ್ಳಗ ಐತಿ, ತಗ್ಗು ಬೀಳ್ತೈತಿ. ಆಮ್ಯಾಲ ಒಳಗಿನ ಹಿಡಿಕಿ ಜಗ್ಗಿ, ಮುಂದ ಬಂದು, ಕೊಕ್ಕಿ ಮುಟ್ಟದ ಬಾನೆಟ್ ಎತ್ತಿ ನೋಡ್ರಿ. ಸ್ವಲ್ಪ ಎದ್ದು ಅಲ್ಲೇ ನಿಲ್ಲಬೇಕು. ಪೂರಾ ಎದ್ದು ಬಂತಂದ್ರ ನಿಮ್ಮ ಕಾವಲಿನ ಕೊಕ್ಕಿ ಕೆಲಸ ಮಾಡವಲ್ದು. ಆ ಗಾಡಿ ರಸ್ತೆಗೆ ಹೋಗಬಾರ್ದು. ಹಾಲು ತರಾಕೂ ಹೋಗಬಾರ್ದು.

ಇಷ್ಟಕ್ಕ ನನಗ ಒಂದು ಮುಂಜಾನೆ ಮತ್ತ 530 ರೂಪಾಯಿ ಹೋದ್ವು. ಅಂಜಿಸಿದ್ದು 9 ಸಾವಿರ, ಅಂಜದ ಇದ್ದದ್ದಕ್ಕ ತೆತ್ತದ್ದು 14 ಸಾವಿರ, ಬೇಕಾಗಿದ್ದು 530.

ಎಲ್ಲಾ ಮನ್ಯಾಗ ಆಗ್ತೈತಿ ಅಂತ ನಾ ಹೇಳಾಕತ್ತಿಲ್ಲ. ಲಾಕ್ ಕೂಡೂ ತಗಡಾನ ತುಕ್ಕು ಹಿಡದು ತಿಂದಿದ್ರ, ಇಲ್ಲಾ ಬಾನೆಟ್ ಒಂದು ಕಡೆ ವಾರಿ ಆಗಿದ್ರ ಟಿಂಕರಿಂಗ್ ಮಾಡೂವ್ರ ಹಂತ್ಯಾಕ ಹೋಗಾಕ ಬೇಕು, ಪುಡಿ ತಗಡಿಗೆ ಹೊಸಾ ಲಾಕ್ ಹಾಕಿದ್ರ ಏನೂ ಉಪಯೋಗಿಲ್ಲ. ಬಿಜಾಗ್ರಿ ಬದಲಿ ಮಾಡೂದು ಒಬ್ಬರ ಕೆಲಸಲ್ಲ, ಇಬ್ರು ಎರಡೂ ಕಡೆ ಬಾನೆಟ್ ಹಿಡಕೊಂಡು ನಿಲ್ಲಬೇಕು. ಗ್ಯಾರೇಜಿನವ್ರೆಲ್ಲಾ ಮೋಸಗಾರರು ಅಂತನೂ ಅಲ್ಲ. ರಾತ್ರಿ ಹನ್ನೊಂದಕ್ಕ ಬಂದು ಗಾಡಿ ಎಬ್ಬಿಸಿ ಕೊಟ್ಟವ್ರನ್ನೂ ನೋಡೀನಿ. ಆದ್ರ ಯಾರ ಕಡೆ ಹೋದ್ರೂ, ಏನ್ ಕೆಟ್ಟೈತಿ ಅಂತ ತಿಳಕೊಂಡ ಹೋಗ್ರಿ. ಕೆಲಸ ಆದ ಮ್ಯಾಲ ಬಿಚ್ಚಿದ ಹಳೇ ಸಾಮಾನು ಕೈಯಾಗ ಕೊಡ್ರಿ ಅಂತ ಕೇಳ್ರಿ. ನಾವು ಅವತ್ತ ಅಷ್ಟ ಕೇಳಿದ್ರ ಹಳೇ ಲಾಕ್ ವಾಪಸ್ ಬರ್ತಿದ್ದಿಲ್ಲ.

ಕಾಕು ಕೇಳಿದ್ದಕ್ಕೂ ಉತ್ತರ ಕೊಡ್ತೀನಿ. ಕಾಕು, ಹೊಸಾ ಗಾಡಿ ತಗೋಬಾರ್ದಂತ ಇಲ್ಲ. ಆದ್ರ ಹೊಸಾ ಗಾಡಿಗೂ ಬಾನೆಟ್ ಇರ್ತೈತಿ, ಅದಕ್ಕೂ ಲಾಕು, ರಬ್ಬರು ಇರ್ತಾವು, ಅವೂ ಒಂದು ದಿನಾ ಸವಿತಾವು. ನೋಡೂ ಚಟ ನಮಗಿಲ್ಲಂದ್ರ ಹತ್ತು ವರ್ಷಕ್ಕ ಅದಕ್ಕೂ ತಂತಿ ಕಟ್ತೀವಿ. ಈ ಎಂಟ್ನೂರು ಲಕ್ಷಗಟ್ಟಲೆ ಆಗ್ಯಾವ, ಅದಕ್ಕ ಇವತ್ತಿಗೂ ಅದರ ಸಾಮಾನು ಸಿಗ್ತಾವು. ಮಾವನವರು ಓಡಿಸಿದ ಗಾಡಿ ಅದು. ಸಾಮಾನು ಸಿಗೂ ಮಟಾ ನಾನು ಅದನ್ನ ಗುಜರಿಗೆ ಹಾಕೂದಿಲ್ಲ.

ನಿಮ್ಮ ಮನಿ ಮುಂದ ಹಳೇ ಗಾಡಿ ಇದ್ರ, ಎಂಟ್ನೂರು ಇರ್ಲಿ, ಅಂಬಾಸಿಡರ್ ಇರ್ಲಿ, ಫಿಯಾಟ್ ಇರ್ಲಿ, ಈ ರವಿವಾರ ಬಾನೆಟ್ ಎತ್ತಿ ಮೂರು ನೋಡ್ರಿ. ರಬ್ಬರ್ ಅದಾವೋ ಇಲ್ಲೋ, ಕೊಕ್ಕಿ ಹಿಡಿತೈತೋ ಇಲ್ಲೋ, ಎಲ್ಲೆರೆ ತಂತಿ, ದಾರ, ಹರಕ ಬಟ್ಟಿ ಕಟ್ಯಾರೋ ಏನು. ತಂತಿ ಕಂಡ್ರ ಅವತ್ತ ಮನಿಯವರಿಗೆ ಕೀಲಿ ಕೊಡಬ್ಯಾಡ್ರಿ. ಜಗಳಾ ಆಗ್ತೈತಿ, ಆಗ್ಲಿ. ಕಿತ್ತೂರು ಹಾದ್ಯಾಗ ಗಿಡದ ಬುಡಕ ಕೂಡೂದಕ್ಕಿಂತ ಮನ್ಯಾಗ ಜಗಳ ಆಡೂದು ಛಲೋ.

ಮತ್ತ ಪಂಕ್ತ್ಯಾಗ ಕೇಳಿದಾಕಿಗೆ. ಅದಾರವಾ, ನಮ್ಮ ಮನ್ಯಾಗ ಗಂಡಸ್ರು ಅದಾರ. ಆ ಫೋಟೊ ತಗದಾಗ ಗಾಡಿ ಒಳಗ ಕುಂತು ನಾ ಹೇಳಿದಾಗೊಮ್ಮೆ ಹಿಡಿಕಿ ಜಗ್ಗಾಕತ್ತಿದ್ರು. ಬಾನೆಟ್ ಎತ್ತಿತ್ತಲ್ಲ, ಅದಕ್ಕ ಕಂಡಿಲ್ಲ.